ಅಕ್ಕನ ಗಾಡಿಯ ಟೈಮಿಂಗು

ಮಾರ್ಚ್ ೪, ಸೋಮವಾರ

ಮೂವತ್ತೈದು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಊರಿಗೆಲ್ಲ ನೀರು ಬಿಡಿಸಿದವನ ಕಾರು ಇವತ್ತು ನೀರಿಲ್ಲದೆ ನಡುರಸ್ತೆಯಲ್ಲಿ ಬಾಯಿ ಬಿಟ್ಟಿತು. ಪೋಸ್ಟಾಫೀಸಿನ ತಿರುವಿನಲ್ಲಿ ಬಾನೆಟ್ಟಿನಿಂದ ಹೊಗೆ. ಹೊಗೆಯಲ್ಲ, ಹಬೆ ಎಂದು ಆಮೇಲೆ ತಿಳಿಯಿತು. ಹಿಂದಿನ ಬಸ್ಸಿನವನು ಹಾರನ್ ಹೊಡೆದು ಹೊಡೆದು ಸುಸ್ತಾಗಿ, ಇಳಿದು ಬಂದು, "ಯಜಮಾನ್ರೇ, ಹೀಟಿನ ಮುಳ್ಳು ಮೇಲೆ ಹೋಗಿದ್ದು ನೋಡ್ಲಿಲ್ವಾ?" ಎಂದ. ನೋಡಿದ್ದೆ. ಮುಳ್ಳು ಮೇಲೇರಿದಷ್ಟೂ ಪೆಟ್ರೋಲು ತುಂಬಾ ಇದೆ ಅಂದುಕೊಂಡು ಖುಷಿಯಾಗಿದ್ದೆ. ಅವನಿಗೆ ಹೇಳಲಿಲ್ಲ. ಇಲ್ಲಿ ಬರೆಯಲು ಅಡ್ಡಿಯಿಲ್ಲ, ಇದನ್ನು ಓದುವವರು ಯಾರೂ ಇಲ್ಲ.

ಹಗ್ಗ ಕಟ್ಟಿ ಎಳೆದು ಇವಳ ಗ್ಯಾರೇಜಿಗೇ ತಂದರು. ನನ್ನ ಹೆಂಡತಿ ತೀರಿಹೋಗಿ ಹದಿನಾಲ್ಕು ತಿಂಗಳಾಯಿತು. ಈಗಲೂ 'ಇವಳು' ಎಂದೇ ಬರೆಯುತ್ತೇನೆ, 'ಅವಳು' ಎನ್ನಲು ಕೈ ಏಳುವುದಿಲ್ಲ. ಕಾರು ಇವಳ ಇಲಾಖೆ, ಲೈಟು ಬಿಲ್ಲು ನನ್ನ ಇಲಾಖೆ. ಇವಳು ಹೋದಮೇಲೆ ನಿಂತೇ ಇದ್ದ ಗಾಡಿಯನ್ನು ನಾನು ಹೊರಗೆ ತೆಗೆದದ್ದು ಹೋದ ತಿಂಗಳಷ್ಟೇ. ಇಪ್ಪತ್ತು ವರ್ಷದಲ್ಲಿ ಆ ಗ್ಯಾರೇಜಿನ ಹೊಸ್ತಿಲು ನಾನು ತುಳಿದಿರಲಿಲ್ಲ.

ಮೆಕ್ಯಾನಿಕ್ಕು ಅರವತ್ತರ ಹತ್ತಿರದವನು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ ರೋಗ ಹೇಳುತ್ತಾನಂತೆ. ಅದಕ್ಕೇ ಎಲ್ಲರಿಗೂ ಕಿವಿ ಮೇಸ್ತ್ರಿ. ಗಾಡಿ ಕಂಡದ್ದೇ ಓಡಿ ಬಂದ.

"ಅಯ್ಯೋ, ಅಕ್ಕನ ಗಾಡಿ! ಏನಾಯ್ತೇ ನಿಂಗೆ?"

ಕೇಳಿದ್ದು ಗಾಡಿಯನ್ನು. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ನಾನು ಪಕ್ಕದಲ್ಲೇ ನಿಂತಿದ್ದೆ, ಅಂಗಿಯೆಲ್ಲ ಒದ್ದೆ. ನಾನು ಕಂಡದ್ದು ಆಮೇಲೆ.

"ನೀರು ಹಾಕಿ ಎಷ್ಟು ದಿನ ಆಯ್ತು ಸಾರ್?"

"ಯಾವ ನೀರು?"

ಅವನು ಬಾನೆಟ್ಟು ಎತ್ತಿದ. "ರೇಡಿಯೇಟರು ಹಳೇದು, ಸ್ವಲ್ಪ ಸ್ವಲ್ಪ ಸೋರುತ್ತೆ. ಅಕ್ಕ ಪ್ರತಿ ಭಾನುವಾರ ಬೆಳಿಗ್ಗೆ ಹಾಕೋರು."

ಭಾನುವಾರ ಬೆಳಿಗ್ಗೆ ನಾನು ಪೇಪರು ಓದುತ್ತಿದ್ದೆ. ನನಗೆ ಗೊತ್ತಿಲ್ಲದ್ದು ಇವನಿಗೆ ಗೊತ್ತು.

ಮಾರ್ಚ್ ೫, ಮಂಗಳವಾರ

ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದ. ಎಣ್ಣೆ ಹಾಕುವ ಮುಚ್ಚಳ ತೆಗೆದು ತೋರಿಸಿದ. ಒಳಗೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ನೊರೆ. ಎಣ್ಣೆಗೆ ನೀರು ಸೇರಿದೆ. "ಕೆಳಗೆ ಬ್ಲಾಕು, ಮೇಲೆ ಹೆಡ್ಡು, ನಡುವೆ ಒಂದು ತೆಳು ತಗಡು. ಬೆಂಕಿ, ನೀರು, ಎಣ್ಣೆ ಮೂರೂ ಅದರ ಪಕ್ಕದಲ್ಲೇ ಓಡಾಡ್ತವೆ. ಒಂದನ್ನೊಂದು ಮುಟ್ಟಬಾರದು. ಬಿಸಿ ಮಿತಿ ಮೀರಿದ್ರೆ ತಗಡು ಸೋತುಬಿಡುತ್ತೆ ಸಾರ್." ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು, ಎರಡು ವಾರ, ಆದಾಗ ಫೋನ್ ಮಾಡುತ್ತೇನೆ, ಹೋಗಿಬನ್ನಿ ಎಂದ.

ಹೊರಟೇ ಬಿಟ್ಟಿದ್ದೆ. ಆಗ ಗೋಡೆ ಬದಿಯಲ್ಲಿದ್ದ ಮರದ ಸ್ಟೂಲಿನ ಧೂಳು ಒರೆಸಿ, "ಒಂದು ನಿಮಿಷ ಕೂತ್ಕೊಳ್ಳಿ, ರಸೀತಿ ಬರೀತೀನಿ. ಇದು ಅಕ್ಕನ ಸ್ಟೂಲು" ಎಂದ. ಕೂತೆ. ನನ್ನ ಮೊಣಕಾಲು ಗಲ್ಲಕ್ಕೆ ಬಂತು. ಇವಳ ಎತ್ತರಕ್ಕೆ ಸರಿಹೋಗಲೆಂದು ಇವನೇ ಕಾಲು ಕೊಯ್ದನಂತೆ!

"ಎಷ್ಟು ಹೊತ್ತು ಕೂರ್ತಿದ್ಲು?"

"ಮೂರು ತಿಂಗಳಿಗೊಂದ್ಸಲ ಆಯಿಲ್ ಬದಲಾಯಿಸೋಕೆ ಬರೋರು. ಬೆಳಿಗ್ಗೆ ಬಂದ್ರೆ ಮಧ್ಯಾಹ್ನದವರೆಗೂ."

"ಆಯಿಲ್ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ." ಮನುಷ್ಯನಿಗೆ ಸುಳ್ಳು ಹೇಳಲೂ ಬರುವುದಿಲ್ಲ.

"ಉಳಿದ ಹೊತ್ತು?"

"ಮಾತಾಡ್ತಿದ್ವಿ. ಇದೇ ಸಾರ್, ವಾಲ್ವು, ಪಿಸ್ಟನ್ನು."

ಮನೆಗೆ ಬಂದು ಇವಳು ಹೇಳುತ್ತಿದ್ದದ್ದು, "ಗ್ಯಾರೇಜಲ್ಲಿ ಸಿಕ್ಕಾಪಟ್ಟೆ ರಶ್ಶು ಕಣ್ರೀ." ನಾನು ಪಾಪ ಎಂದು ನಂಬುತ್ತಿದ್ದೆ.

ನಾಳೆಯಿಂದ ನಾನೂ ಹೋಗಿ ಕೂರುತ್ತೇನೆ. ಗಾಡಿ ನನ್ನದು. ರಸೀತಿಯಲ್ಲಿ ನನ್ನ ಹೆಸರಿದೆ.

ಮಾರ್ಚ್ ೭, ಗುರುವಾರ

ಎರಡು ದಿನದಿಂದ ಕೂತಿದ್ದೇನೆ. ಸೊಂಟ ಹಿಡಿದುಕೊಂಡಿದೆ. ಅವನು ಬಿಚ್ಚುತ್ತಾನೆ, ನಾನು ನೋಡುತ್ತೇನೆ. ಬಿಚ್ಚಿದ ಬೋಲ್ಟುಗಳನ್ನು ರಟ್ಟಿನ ಮೇಲೆ ಇಂಜಿನ್ನಿನ ಚಿತ್ರ ಬರೆದು, ತೂತು ಮಾಡಿ, ಆಯಾ ಜಾಗಕ್ಕೇ ಸಿಕ್ಕಿಸುತ್ತಾನೆ. ಅಚ್ಚುಕಟ್ಟು ನೋಡಿ ಹೊಗಳೋಣವೆನ್ನಿಸಿತು. "ಈ ಐಡಿಯಾ ಅಕ್ಕಂದು" ಎಂದ. ಬಾಯಿ ಮುಚ್ಚಿಕೊಂಡೆ.

ಒಂದು ಬೋಲ್ಟು ಜಪ್ಪಯ್ಯ ಎಂದರೂ ಬರಲಿಲ್ಲ. ಪಾನಾಕ್ಕೆ ಉದ್ದದ ಪೈಪು ತೂರಿಸಿ ಜೀಕುತ್ತ, "ಅಕ್ಕ ಇದ್ದಿದ್ರೆ ಈಗ ಒಂದು ಸಿಳ್ಳೆ ಹಾಕೋರು" ಎಂದ.

"ಸಿಳ್ಳೆ?"

"ಗಟ್ಟಿ ಬೋಲ್ಟು ಸಡಿಲ ಆದಾಗ. ಆ ಮೂಲೆ ಅಂಗಡಿವರೆಗೂ ಕೇಳ್ಸೋದು ಸಾರ್."

"ನನ್ನ ಹೆಂಡತಿಗೆ ಸಿಳ್ಳೆ ಬರ್ತಿರ್ಲಿಲ್ಲ."

ಅವನು ನನ್ನನ್ನೊಮ್ಮೆ ನೋಡಿ, "ಹಾಗಾದ್ರೆ ಬೇರೆ ಯಾರೋ ಇರ್ಬೇಕು ಬಿಡಿ ಸಾರ್" ಎಂದು ಮತ್ತೆ ಬಗ್ಗಿದ.

ವಾದ ಮಾಡಿದ್ದರೆ ವಾಸಿಯಿತ್ತು. ಸೋತು ಗೆದ್ದ ಮನುಷ್ಯ. ಮೂವತ್ತೊಂದು ವರ್ಷ ಒಂದೇ ಸೂರಿನಡಿ ಇದ್ದೆವು. ಗೊರಕೆ ಗೊತ್ತು, ಸೀನು ಗೊತ್ತು, ಬಳೆ ಸದ್ದಿನಲ್ಲೇ ಸಿಟ್ಟು ಎಷ್ಟಿದೆ ಎಂದು ಹೇಳಬಲ್ಲೆ. ಸಿಳ್ಳೆ ಗೊತ್ತಿಲ್ಲ. ಬಚ್ಚಲುಮನೆಯಲ್ಲಿ ನಾನೂ ಹೊಡೆದು ನೋಡಿದೆ. ಗಾಳಿ ಬಂತು, ಜೊತೆಗೆ ಒಂದಿಷ್ಟು ಎಂಜಲು.

ಮಾರ್ಚ್ ೮, ಶುಕ್ರವಾರ

ಸ್ಕೂಲು ಮುಗಿಸಿ ಮಗಳು ಬಂದಿದ್ದಳು. ಮೇಷ್ಟರಗಿರಿ ಮಾಡುತ್ತಾಳಲ್ಲ, ಬಂದವಳೇ ನನ್ನ ಉಗುರು ನೋಡಿದಳು. "ಏನಪ್ಪಾ ಇದು, ಉಗುರಲ್ಲೆಲ್ಲ ಗ್ರೀಸು? ಆ ಡಬ್ಬಾನ ಗುಜರಿಗೆ ಹಾಕಿ ಅಂತ ವರ್ಷದಿಂದ ಹೇಳ್ತಿದೀನಿ."

"ನಿಮ್ಮಮ್ಮನಿಗೆ ಸಿಳ್ಳೆ ಬರ್ತಿತ್ತಾ?"

"ಓ! ನಂಗೆ ಕಲಿಸಿದ್ದೇ ಅಮ್ಮ."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ನಿಮಗೆ ಹೇಳಿದ್ರೆ ಸಿಳ್ಳೆ ಯಾವ ಕಾಲದಲ್ಲಿ ಹುಟ್ಟಿತು ಅನ್ನೋದ್ರಿಂದ ಶುರು ಮಾಡ್ತಿದ್ರಿ. ಊಟ ಆರಿಹೋಗೋದು."

ಹೋಗುವ ಮುಂಚೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಒಂದು ಸಿಳ್ಳೆ ಹಾಕಿದಳು. ನನಗೆಂದು ಹಾಕಿದಳೋ, ಅಭ್ಯಾಸದಿಂದಲೋ. ಕೇಳಿಸದವನಂತೆ ಕೂತಿದ್ದೆ.

ಮಾರ್ಚ್ ೯, ಶನಿವಾರ

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಎರಡು ಶಬ್ದಗಳ ವ್ಯತ್ಯಾಸ ಹೇಳಿದ್ದರು. ಜೆಲಸಿ ಮತ್ತು ಎನ್ವಿ. ಒಂದು, ನಮ್ಮ ಹತ್ತಿರ ಇರುವುದನ್ನು ಇನ್ನೊಬ್ಬ ಕಿತ್ತುಕೊಂಡಾನು ಎಂಬ ಸಂಕಟ. ಇನ್ನೊಂದು, ಇನ್ನೊಬ್ಬನ ಹತ್ತಿರ ಇರುವುದು ನಮಗಿಲ್ಲವಲ್ಲ ಎಂಬ ಸಂಕಟ. ಯಾವುದು ಯಾವುದು ಎಂಬುದು ಮರೆತಿದೆ. ಪರೀಕ್ಷೆಯಲ್ಲಿ ಬಂದಿತ್ತು, ಅದಲು ಬದಲು ಬರೆದು ಎರಡು ಅಂಕ ಹೋಗಿದ್ದವು. ಈಗಲೂ ಅದೇ ಗೊಂದಲ. ಅವನು ನನ್ನದನ್ನು ಕಿತ್ತುಕೊಂಡನೋ, ಅಥವಾ ಅದು ಯಾವತ್ತೂ ನನ್ನದಾಗಿರಲೇ ಇಲ್ಲವೋ? ನಮ್ಮ ಭಾಷೆಯಲ್ಲಿ ಈ ತಾಪತ್ರಯವಿಲ್ಲ. ಹೊಟ್ಟೆಕಿಚ್ಚು ಎಂದರೆ ಮುಗಿಯಿತು, ಉರಿಯುವ ಜಾಗವನ್ನೂ ಹೇಳುತ್ತದೆ.

ಅವನು ಅಕ್ಕ ಎನ್ನುತ್ತಾನೆ. ಆ ಥರದ ಅನುಮಾನವೇನೂ ನನಗಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅಕ್ಕ ಎನ್ನುವವನ ಮೇಲೆ ಏನೆಂದು ಜಗಳವಾಡಲಿ? ನನ್ನ ಹೆಂಡತಿಯನ್ನು ಯಾಕೆ ನಗಿಸಿದೆ ಎಂದೇ?

ಮಾರ್ಚ್ ೧೧, ಸೋಮವಾರ

ಇವತ್ತು ಹೆಡ್ಡು ಎತ್ತಿದ. ಸುಟ್ಟ ಗ್ಯಾಸ್ಕೆಟ್ಟು ನೋಡಿದೆ. ಎರಡು ತೂತುಗಳ ನಡುವೆ ಬೆರಳಗಲ ಕರಿ ಹಾದಿ. ಅಷ್ಟೇ. ಅಷ್ಟಕ್ಕೇ ಇಷ್ಟೆಲ್ಲ.

ಹೆಡ್ಡು ಎತ್ತುವ ಮುಂಚೆ ಅವನು ಟೈಮಿಂಗು ಎಂದರೇನೆಂದು ಹೇಳಿದ. ಕೆಳಗಿನ ಗಾಲಿ ಪಿಸ್ಟನ್ನುಗಳದ್ದು, ಮೇಲಿನ ಗಾಲಿ ವಾಲ್ವುಗಳದ್ದು. ನಡುವೆ ಹಲ್ಲಿನ ಬೆಲ್ಟು. ಪಿಸ್ಟನ್ನು ಮೇಲೆ ಬರುವಾಗ ವಾಲ್ವು ಬಾಗಿಲು ಮುಚ್ಚಿಕೊಂಡಿರಬೇಕು. ಹೊಂದಾಣಿಕೆ ಎರಡು ಹಲ್ಲು ತಪ್ಪಿದರೂ ಒಂದಕ್ಕೊಂದು ಗುದ್ದಿ ವಾಲ್ವು ಸೊಟ್ಟಗಾಗಿ ಇಂಜಿನ್ನೇ ಮುಗಿದುಹೋಗುತ್ತದೆ. ಅದಕ್ಕೇ ಗಾಲಿಗಳ ಮೇಲೆ ಗುರುತು. "ಒಂದನೇ ಪಿಸ್ಟನ್ನನ್ನ ಟಿಡಿಸಿಗೆ ತಂದು ಗುರುತು ಕೂಡಿಸಬೇಕು."

ನನ್ನ ಇಂಗ್ಲಿಷಿಗೆ ಒಂದು ಅವಕಾಶ ಸಿಕ್ಕಿತೆಂದು, "ಟಿಡಿಸಿ ಅಂದ್ರೆ ಟೈಮಿಂಗ್ ಡಿಪಾರ್ಚರ್..." ಎಂದು ಶುರು ಮಾಡಿದೆ.

"ಟಾಪ್ ಡೆಡ್ ಸೆಂಟರ್ ಸಾರ್. ಪಿಸ್ಟನ್ನು ಏರಿ ನಿಲ್ಲೋ ತುತ್ತತುದಿ. ಅಕ್ಕ ಹೇಳಿಕೊಟ್ಟಿದ್ದು."

ಇವಳು ಓದಿದ್ದು ಹತ್ತನೇ ಕ್ಲಾಸು. ನಾನು ಬಿ.ಎ.

ಆಮೇಲೆ ಬೆಲ್ಟು ತೆಗೆದು ಕೆಳಗಿನ ಗಾಲಿ ತೋರಿಸಿದ. ಹದಿಮೂರು ವರ್ಷದ ಹಿಂದೆ ಮೂಲ ಗಾಲಿ ಸೀಳಿತ್ತಂತೆ; ಹೊಸದು ಸಿಗದೆ ಬೇರೆ ಜಾತಿಯ ಗಾಡಿಯದ್ದನ್ನು ಗುಜರಿಯಿಂದ ತಂದು ಹಾಕಿದ್ದಂತೆ. "ಇದರ ಮೇಲಿರೋ ಕಂಪನಿ ಚುಕ್ಕೆ ನಂಬಿದ್ರೆ ಕೆಟ್ವಿ. ಎರಡು ಹಲ್ಲು ಸುಳ್ಳು ಹೇಳುತ್ತೆ. ನಿಜವಾದ ಗುರುತು ಇದು, ನೋಡಿ. ಅಕ್ಕನೇ ಹಾಕಿದ್ದು."

ಮರೂನ್ ಬಣ್ಣದ ಒಂದು ಗೆರೆ. ಅಕ್ಕಿಕಾಳಿನಷ್ಟು ಉದ್ದ. ಹದಿಮೂರು ವರ್ಷ ಬಿಸಿ, ಧೂಳು ತಿಂದರೂ ಮಿರಿಮಿರಿ ಮಿಂಚುತ್ತಿತ್ತು. ಬಣ್ಣ ಎಲ್ಲೋ ನೋಡಿದಂತಿದೆ ಅಂದುಕೊಳ್ಳುತ್ತಿರುವಾಗಲೇ ಅವನು ಸಾಮಾನಿನ ಪೆಟ್ಟಿಗೆಯ ಮೂಲೆಯಿಂದ ಬಾಟಲಿ ತೆಗೆದು ಹಿಡಿದ. ಇವಳ ಉಗುರು ಬಣ್ಣ.

ಮಾರ್ಚ್ ೧೨, ಮಂಗಳವಾರ

ಹೋಗಿ ಬಂದೆ. ಬರೆಯುವಂಥದ್ದೇನೂ ಇಲ್ಲ.

ಇದೆ. ಹದಿಮೂರು ವರ್ಷದ ಹಿಂದೆ ಒಂದು ಮದುವೆಗೆ ಹೊರಟಿದ್ದೆವು. ಕನ್ನಡಿ ಮುಂದೆ ಕೂತು ಉಗುರಿಗೆ ಆ ಬಣ್ಣ ಹಚ್ಚಿಕೊಂಡಳು. ನಾನು ಬಾಗಿಲಲ್ಲಿ ನಿಂತು, "ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಜನ ನಗ್ತಾರೆ" ಎಂದೆ. ತಮಾಷೆಗೆ ಅಂದದ್ದು. ಬಹುಶಃ ತಮಾಷೆಗೇ. ಒರೆಸಿಕೊಂಡು ಬಂದಳು. ಮಾರನೇ ದಿನದಿಂದ ಕನ್ನಡಿ ಮುಂದೆ ಬಾಟಲಿ ಇರಲಿಲ್ಲ. ಬಿಸಾಡಿದಳು ಅಂದುಕೊಂಡಿದ್ದೆ.

ಬಿಸಾಡಿರಲಿಲ್ಲ. ಎಲ್ಲಿ ಯಾರೂ ನಗುವುದಿಲ್ಲವೋ ಅಲ್ಲಿ ತಂದು ಇಟ್ಟಿದ್ದಳು.

ಮಾರ್ಚ್ ೧೪, ಗುರುವಾರ

ಕಚೇರಿಯಲ್ಲಿ ಕಡತ ಕಳೆದುಹೋದರೆ ನಾವು ಬರೆಯುತ್ತಿದ್ದದ್ದು, 'ಕಡತವು ಕಾಣೆಯಾಗಿರುತ್ತದೆ.' ಇಂಗ್ಲಿಷಿನಲ್ಲಿ ಇದಕ್ಕೆ ಪ್ಯಾಸಿವ್ ವಾಯ್ಸ್ ಎನ್ನುತ್ತಾರೆ. ಕೆಲಸ ಇರುತ್ತದೆ, ಮಾಡಿದವನು ಇರುವುದಿಲ್ಲ. ಅದೇ ಪ್ರಕಾರ: ಇಂದು ಮಧ್ಯಾಹ್ನ ಹನ್ನೆರಡು ಗಂಟೆಗೆ ಕೆಳಗಿನ ಗಾಲಿಯ ಮೇಲಿನ ಗುರುತು ಅಳಿಸಲ್ಪಟ್ಟಿತು.

ಮೇಸ್ತ್ರಿ ಹೆಡ್ಡನ್ನು ಹೊತ್ತುಕೊಂಡು ಲೇತ್ ಅಂಗಡಿಗೆ ಹೋಗಿದ್ದ. ಬಿಸಿಗೆ ಬಾಗಿದೆ, ಮಟ್ಟ ಮಾಡಿಸಬೇಕೆಂದು. ಹೋಗುವಾಗ, "ಸುಮ್ನೆ ಕೂತ್ರೆ ಬೇಜಾರಾಗುತ್ತೆ ಸಾರ್, ಈ ಸಾಮಾನು ತೊಳೀತಿರಿ. ಅಕ್ಕನೂ ತೊಳೀತಿದ್ರು" ಎಂದು ತಟ್ಟೆ, ಸೀಮೆಎಣ್ಣೆ, ಬ್ರಷ್ಷು ಕೊಟ್ಟ. ಆ ಕೊನೇ ಮಾತೊಂದು ಹೇಳದೆ ಹೋಗಿದ್ದರೆ ಏನಾಗುತ್ತಿತ್ತು ಅವನಿಗೆ?

ಎಲ್ಲ ತೊಳೆದೆ. ಕೊನೆಗೆ ಗಾಲಿ. ಸೀಮೆಎಣ್ಣೆಗೆ ಗೆರೆ ಅಲುಗಲಿಲ್ಲ. ಗೂಡಿನಲ್ಲಿ ಥಿನ್ನರ್ ಡಬ್ಬ ಇತ್ತು. ಬಟ್ಟೆಯ ತುದಿಗೆ ಸ್ವಲ್ಪ ಅದ್ದಿ ಒಂದೇ ಸಲ ಎಳೆದೆ. ಬಟ್ಟೆಯ ಮೇಲೆ ಮರೂನ್ ಕಲೆಯಾಯಿತು, ಗಾಲಿ ಬೆಳ್ಳಗಾಯಿತು. ಒಂದು ಗಳಿಗೆ ಎಷ್ಟು ಹಗುರವೆನ್ನಿಸಿತೆಂದರೆ! ಇನ್ನು ಅವನದೂ ಇಲ್ಲ, ನನ್ನದೂ ಇಲ್ಲ. ಸರಿಸಮ.

ಅವನು ಬರುವ ಮೊದಲೇ ಮನೆಗೆ ಬಂದೆ.

ಮಾರ್ಚ್ ೧೫, ಶುಕ್ರವಾರ

ಹೋಗಲಿಲ್ಲ. ಮೈ ಬಿಸಿ, ಜ್ವರ ಎಂದು ಗ್ಯಾರೇಜಿಗೆ ಹೇಳಿಕಳಿಸಿದೆ. ಥರ್ಮಾಮೀಟರು ಒಪ್ಪಲಿಲ್ಲ.

ಮಾರ್ಚ್ ೧೬, ಶನಿವಾರ

ಹೆಡ್ಡು ಇವತ್ತು ಲೇತಿನಿಂದ ಬರಬೇಕು. ಬಂದರೆ ಕೂರಿಸುತ್ತಾನೆ. ಬೆಲ್ಟು ಹಾಕುವಾಗ ಗುರುತು ಹುಡುಕುತ್ತಾನೆ. ಕಾಣದಿದ್ದರೆ ಕಂಪನಿ ಚುಕ್ಕೆ ನಂಬುತ್ತಾನೆ. ಎರಡು ಹಲ್ಲು. ಕೀಲಿ ತಿರುಗಿಸುತ್ತಾನೆ.

ಇವಳು ಇಪ್ಪತ್ತು ವರ್ಷ ಭಾನುವಾರ ಭಾನುವಾರ ನೀರುಣಿಸಿ ಬದುಕಿಸಿಕೊಂಡು ಬಂದ ಇಂಜಿನ್ನು. ನಾನು ಒಂದು ಸಲ ನೀರಿಲ್ಲದೆ ಸುಟ್ಟೆ, ಈಗ ಬೇಕೆಂದೇ ಮುರಿಯುತ್ತಿದ್ದೇನೆ.

ಅವನು ಅಷ್ಟು ದಡ್ಡನಲ್ಲ, ನೆನಪಿರುತ್ತದೆ. ನೆನಪಿರುತ್ತದೆಯೇ? ಆದರೆ ಅವನ ಕಣ್ಣು ಈಚೆಗೆ ಮಂಜು. ನೆಚ್ಚಿಕೊಂಡಿರುವುದು ಕಿವಿಯನ್ನು. ಗುದ್ದಿದ ಮೇಲೆ ಕೇಳಿಸಿದರೆ ಏನು ಪ್ರಯೋಜನ.

ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಕೈಗೆ ಗ್ರೀಸಾಗಿದ್ದರೆ ಎತ್ತುವುದಿಲ್ಲ, ಗೊತ್ತಿದೆ. ಗ್ರೀಸಾಗಿದೆ ಎಂದರೆ ಕೆಲಸ ನಡೆಯುತ್ತಿದೆ. ಸಂಜೆ ಹೋದೆ, ಬಾಗಿಲು ಎಳೆದಿತ್ತು. ನಾಳೆ ಭಾನುವಾರ.

ಮಾರ್ಚ್ ೧೮, ಸೋಮವಾರ

ಎಂಟಕ್ಕೇ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆ. ಕಾಲಲ್ಲಿ ಬಚ್ಚಲಿಗೆ ಹಾಕುವ ಚಪ್ಪಲಿ. ಮೇಸ್ತ್ರಿ ಸೈಕಲ್ಲಿನಿಂದ ಇಳಿಯುವಷ್ಟೂ ತಾಳಲಾಗಲಿಲ್ಲ.

"ಸ್ಟಾರ್ಟ್ ಮಾಡಿದ್ರಾ?"

"ಜ್ವರ ಹೇಗಿದೆ ಸಾರ್?"

"ಜ್ವರ ಹಾಳಾಗ್ಲಿ, ಸ್ಟಾರ್ಟ್ ಮಾಡಿದ್ರಾ?"

"ಇಲ್ಲ."

"ಗುರುತು ನಾನೇ ಒರೆಸಿದ್ದು." ಆಕ್ಟಿವ್ ವಾಯ್ಸ್.

"ಗೊತ್ತು" ಎಂದ. ಬೀಗ ತೆಗೆದು ಒಳಗೆ ಹೋದ. ಹಿಂದೆ ಹೋದೆ. ಹೆಡ್ಡು ಇನ್ನೂ ಬೆಂಚಿನ ಮೇಲೇ ಇತ್ತು. ಮುಟ್ಟಿರಲಿಲ್ಲ.

"ಹೇಗೆ ಗೊತ್ತು?"

"ಉಗುರು ಬಣ್ಣ ಸೀಮೆಎಣ್ಣೆಗೆ ಹೋಗಲ್ಲ. ಬಟ್ಟೆ ಥಿನ್ನರ್ ವಾಸನೆ ಹೊಡೀತಿತ್ತು. ಕಣ್ಣು ಮಂಜಾದ್ರೆ ಮೂಗೂ ಹೋಯ್ತಾ?"

"ಮತ್ತೆ ಫೋನ್ ಯಾಕೆ ಎತ್ತಲಿಲ್ಲ?"

"ಸಿಟ್ಟು ಬಂದಿತ್ತು." ಸೈಕಲ್ಲಿನ ಬೀಗದ ಕೈಯನ್ನು ಮೊಳೆಗೆ ಹಾಕಿದ. ಬೆನ್ನು ನನ್ನ ಕಡೆಗಿತ್ತು. "ಗುರುತು ಇನ್ನೊಂದು ಹಾಕ್ಕೋಬಹುದು. ನಂಗೆ ಕಣ್ಣು ಕಟ್ಟಿದ್ರೂ ಟಿಡಿಸಿ ಸಿಗುತ್ತೆ. ಆದ್ರೆ ಅಕ್ಕ ಹಾಕಿದ್ದು ಹೋಯ್ತಲ್ಲ. ಅಕ್ಕನ ಕೈ ಗುರುತು ಅಂತ ನಂಗಿದ್ದಿದ್ದು ಅದೊಂದೇ. ಫೋಟೋ ಇಲ್ಲ, ಏನಿಲ್ಲ. ಏನ್ ಭಾವ ನೀವು, ಚಿಕ್ಕ ಮಕ್ಕಳ ಥರ!"

ಸಾರ್ ಎನ್ನಲಿಲ್ಲ. ನನಗೆ ಬೇಸರವಾಗಬೇಕಿತ್ತು, ಎಷ್ಟಾದರೂ ನಾನು ಗಿರಾಕಿ. ಆದರೆ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ.

"ತಪ್ಪಾಯ್ತು" ಎಂದೆ. ಇಷ್ಟು ವರ್ಷದಲ್ಲಿ ಈ ಶಬ್ದವನ್ನು ಬರೆದಿದ್ದೇನೆ, ನಮ್ಮ ಕಚೇರಿಯ ಪರವಾಗಿ. ಬಾಯಲ್ಲಿ ಹೇಳಿದ್ದು ನೆನಪಿಲ್ಲ.

ಅವನು ಹೆಡ್ಡನ್ನು ಎತ್ತಲು ಒಂದು ತುದಿ ಹಿಡಿದು, ಇನ್ನೊಂದು ತುದಿ ನೋಡಿದ. ಹಿಡಿದೆ. ಹೊಸ ಗ್ಯಾಸ್ಕೆಟ್ಟಿನ ಮೇಲೆ, ಒಂದು ಕೂದಲಷ್ಟೂ ಅತ್ತಿತ್ತ ಆಗದ ಹಾಗೆ ಇಳಿಸಿದೆವು. ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ, ಅಡ್ಡಡ್ಡವಾಗಿ, ಮೂರು ಸುತ್ತಿನಲ್ಲಿ ಬಿಗಿದ. ಒಂದೇ ಸಲಕ್ಕೆ ಬಿಗಿದರೆ ಮುನಿಸಿಕೊಳ್ಳುತ್ತದಂತೆ.

ಆಮೇಲೆ ಒಂದು ಸೈಕಲ್ ಸ್ಪೋಕನ್ನು ಮೊದಲನೇ ಪ್ಲಗ್ಗಿನ ತೂತಿನಲ್ಲಿ ಇಳಿಬಿಟ್ಟು, "ಮುಟ್ಟಿದ ಹಾಗೆ ಹಿಡ್ಕೊಳ್ಳಿ. ಒತ್ತಬೇಡಿ" ಎಂದ. ಕೆಳಗೆ ಪಾನಾ ಹಾಕಿ, ಪಿಸ್ಟನ್ನನ್ನು ಏರಿಸಿ ಇಳಿಸುವ ಕ್ರ್ಯಾಂಕನ್ನು ಇಷ್ಟಿಷ್ಟೇ ತಿರುಗಿಸಿದ. ಸ್ಪೋಕು ನನ್ನ ಬೆರಳುಗಳ ನಡುವೆ ಮೇಲಕ್ಕೆ ಬಂತು. ಒಳಗೆ ಯಾರೋ ಎದ್ದು ಬರುತ್ತಿದ್ದಂತೆ.

"ಏರ್ತಿದೆ" ಎಂದೆ. "ಏರ್ತಿದೆ. ಏರ್ತಿದೆ. ಇಲ್ಲ, ನಿಂತಿತು. ಈಗ ಇಳೀತಿದೆ."

"ದಾಟಿ ಹೋಯ್ತು. ನಿಂತಾಗ ಹೇಳ್ಬೇಕು, ಇಳಿದಾಗ ಅಲ್ಲ."

ಹನ್ನೊಂದು ಸಲ ಮಾಡಿದೆವು. ಮೇಲೆ ಒಂದು ಚೂರು ಜಾಗ ಇದೆ; ಅಲ್ಲಿ ಪಿಸ್ಟನ್ನು ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಕ್ರ್ಯಾಂಕು ಮಾತ್ರ ತಿರುಗುತ್ತಿರುತ್ತದೆ. ಆ ಚೂರಿನ ನಡುಮಧ್ಯವನ್ನು ಬೆರಳಿನಲ್ಲೇ ಹಿಡಿಯಬೇಕು. ಹನ್ನೊಂದನೇ ಸಲಕ್ಕೆ ನಾನು "ಹಾಂ" ಎಂದದ್ದೂ ಅವನು ಪಾನಾ ನಿಲ್ಲಿಸಿದ್ದೂ ಒಟ್ಟಿಗೇ ಆಯಿತು. ಕಣ್ಣಿಗೆ ಬೆವರು ಇಳಿದು ಉರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡಲಿಲ್ಲ.

ಬಾಟಲಿಯಲ್ಲಿ ಬಣ್ಣ ಗಟ್ಟಿಯಾಗಿತ್ತು. ಎರಡು ಹನಿ ಥಿನ್ನರ್ ಬಿಟ್ಟು ಅಲುಗಾಡಿಸಿ, ಬ್ರಷ್ಷು ನನ್ನ ಕೈಗೆ ಕೊಟ್ಟ. "ನೀವೇ ಹಾಕಿ. ನೆಟ್ಟಗೆ ಬರ್ಲಿ." ಎಳೆದೆ. ಗೆರೆ ಸ್ವಲ್ಪ ಸೊಟ್ಟ. "ನಡೆಯುತ್ತೆ" ಎಂದ.

ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಕೇಳಿದೆ, "ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ಲಾ?"

ಮೇಸ್ತ್ರಿ ಅಗಿಯುವುದನ್ನು ನಿಲ್ಲಿಸಿ ನಿಜವಾಗಿಯೂ ಯೋಚಿಸಿದ. "ಇಲ್ಲ ಭಾವ. ಮನೆ ಮಾತು ಇಲ್ಲಿಗೆ ತರ್ತಿರ್ಲಿಲ್ಲ." ಇನ್ನೊಂದು ತುತ್ತು ತಿಂದ ಮೇಲೆ, "ಹೊರಡುವಾಗ ಮಾತ್ರ. ಲೇಟಾಯ್ತು, ಭಾವ ಸಿಟ್ಟಾಗ್ತಾರೇನೋ ಅಂತ ನಾನಂದ್ರೆ, ಅವರಿಗೆ ಸಿಟ್ಟು ಬರಲ್ಲ ಕಣೋ, ಹಸಿವಾಗುತ್ತೆ, ಅನ್ನ ಇಡ್ಬೇಕು ಅಂತ ಓಡೋರು" ಎಂದ.

ಸಮಾಧಾನಕ್ಕೆ ಹೇಳಿದ ಮಾತಲ್ಲ. ಹಾಗೆಂದೇ ನಂಬಿದೆ.

ಮಾರ್ಚ್ ೧೯, ಮಂಗಳವಾರ

ಬೆಲ್ಟು ಹಾಕಿದೆವು. ಕೀಲಿ ಮುಟ್ಟುವ ಮುಂಚೆ ಇಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು, ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಬೇಕು. ನಾನೇ ತಿರುಗಿಸಿದೆ. ತಡೆಯಲಿಲ್ಲ. ಸ್ಟಾರ್ಟ್ ಆದಾಗ ಮೊದಲು ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಹಿಡಿದುಕೊಂಡಿತು. ಮೇಸ್ತ್ರಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗಿಸುತ್ತ, ಸ್ಕ್ರೂಡ್ರೈವರನ್ನು ನನ್ನ ಕಿವಿಗೆ ಕೊಟ್ಟ. ಮೊದಲು ಬರೀ ಗದ್ದಲ. ಬಹಳ ಹೊತ್ತಿನ ಮೇಲೆ ಗದ್ದಲದೊಳಗೆ ಮೂರು ಬೇರೆ ಬೇರೆ ಹೆಜ್ಜೆ ಕೇಳಿಸಿದವು. ಅವು ಮೂರೂ ಒಂದೇ ನಡಿಗೆಯಾದಾಗ ನಾನೇ ಕೈ ಎತ್ತಿದೆ. ಅವನು ಅಲ್ಲಿಗೇ ಬೋಲ್ಟು ಬಿಗಿದ.

"ನಂಗೂ ಅಲ್ಲೇ ಅನ್ನಿಸ್ತು" ಎಂದ.

ಇವಳಿಗೂ ಅಲ್ಲೇ ಅನ್ನಿಸುತ್ತಿತ್ತೇ ಎಂದು ಕೇಳಲಿಲ್ಲ.

ಮಾರ್ಚ್ ೨೦, ಬುಧವಾರ

ಗಾಡಿ ಮನೆಗೆ ತಂದೆ. ಮಗಳು ನೋಡಿ, "ಸದ್ದೇ ಇಲ್ವಲ್ಲಪ್ಪಾ" ಎಂದಳು. ಸದ್ದು ಇದೆ, ಕೇಳುವುದಕ್ಕೆ ಬರಬೇಕು ಎಂದೆ. ಹೆಡ್ಡಿನ ಬೋಲ್ಟು ಬಿಗಿಯುವ ಕ್ರಮವನ್ನು ವಿವರಿಸುತ್ತಿದ್ದೆ, ಬಸ್ಸು ತಪ್ಪುತ್ತದೆ ಎಂದು ಎದ್ದು ಹೋದಳು.

ಮಾರ್ಚ್ ೨೪, ಭಾನುವಾರ

ನೀರು ಹಾಕಿದೆ. ಅರ್ಧ ಚೊಂಬು ಹಿಡಿಯಿತು. ಪೇಪರು ಓದಲಿಲ್ಲ.

ಮಾರ್ಚ್ ೨೮, ಗುರುವಾರ

ಎಂಟು ದಿನವಾಯಿತು. ಗಾಡಿಗೆ ಏನೂ ಆಗುತ್ತಿಲ್ಲ.

ತರಕಾರಿ ತರಲು ಹೊರಟವನು ಗ್ಯಾರೇಜಿನ ಮುಂದೆ ಮೂರು ಸಲ ಹಾದೆ. ಅಲ್ಲೊಂದು ದೊಡ್ಡ ಬಿಳಿ ಕಾರಿನ ಬಾನೆಟ್ಟು ಎತ್ತಿದೆ. ಪಕ್ಕದಲ್ಲಿ ಟೈರಿನ ಮೇಲೆ ಬ್ಯಾಂಕಿನ ನಿವೃತ್ತ ಮ್ಯಾನೇಜರು ಕೂತಿದ್ದಾನೆ, ಇಸ್ತ್ರಿ ಮಾಡಿದ ಅಂಗಿ. ಮೇಸ್ತ್ರಿ ಅವನ ಕಿವಿಗೆ ಸ್ಕ್ರೂಡ್ರೈವರು ಹಿಡಿದು, "ಕೇಳಿಸ್ತಾ ಸಾರ್?" ಎನ್ನುತ್ತಿದ್ದ. ಅವನು "ಓಹೋ, ಕ್ಲಿಯರ್ ಆಗಿ" ಎಂದ. ಸುಳ್ಳು! ಮೊದಲ ಸಲಕ್ಕೇ ಯಾರಿಗೂ ಕೇಳಿಸುವುದಿಲ್ಲ. ಅದಕ್ಕೆ ಹೊತ್ತು ಹಿಡಿಯುತ್ತದೆ. ಅವನೇನೋ ಹೇಳಿದ, ಮೇಸ್ತ್ರಿ ನಕ್ಕ. ಬ್ಯಾಂಕಿನವರು ಹೇಳುವ ಜೋಕು ಎಂಥದ್ದಿರುತ್ತದೆ ಎಂದು ನನಗೆ ಗೊತ್ತಿಲ್ಲವೇ.

ತರಕಾರಿ ತರುವುದು ಮರೆತೆ. ಊಟ ಸೇರಲಿಲ್ಲ.

ಮಾರ್ಚ್ ೨೯, ಶುಕ್ರವಾರ

ಗಾಡಿ ತೆಗೆದುಕೊಂಡು ನೇರ ಒಳಗೇ ನುಗ್ಗಿಸಿದೆ. ಕ್ಲಚ್ಚು ಸ್ವಲ್ಪ ಒಂಥರಾ ಇದೆ ಎಂದೆ. ಬ್ಯಾಂಕಿನವನು ಅಲ್ಲೇ ಇದ್ದ, ಕೈಯಲ್ಲಿ ನನ್ನ ಬ್ರಷ್ಷು.

ಮೇಸ್ತ್ರಿ ಗಾಡಿ ಹತ್ತಿ ಒಂದು ಸುತ್ತು ಹೋಗಿ ಬಂದ. ಇಳಿದು ನನ್ನ ಮುಖ ನೋಡಿದ. ಕ್ಲಚ್ಚಿಗೆ ಏನೂ ಆಗಿಲ್ಲ ಎಂಬುದು ಅವನ ಕಿವಿಗೆ ಮೊದಲನೇ ಗೇರಿನಲ್ಲೇ ಗೊತ್ತಾಗಿರಬೇಕು.

"ಹೂಂ ಭಾವ" ಎಂದ, "ಸ್ವಲ್ಪ ಇದೆ." ಬ್ಯಾಂಕಿನವನ ಕಡೆ ತಿರುಗಿ, "ಸಾರ್, ತಪ್ಪು ತಿಳ್ಕೋಬೇಡಿ, ಒಂದರ್ಧ ಗಂಟೆ. ನಮ್ಮ ಭಾವ ಬಂದಿದಾರೆ" ಎಂದ. ಬ್ಯಾಂಕಿನವನ ಮುಖ ನೋಡಬೇಕಿತ್ತು.

ಅರ್ಧ ಗಂಟೆ ಎಂದದ್ದು ಮಧ್ಯಾಹ್ನವಾಯಿತು. ಬಿಗಿಯಾಗಿಯೇ ಇದ್ದ ಒಂದು ನಟ್ಟನ್ನು ಸಡಿಲ ಮಾಡಿ ಮತ್ತೆ ಬಿಗಿದ. ಅಷ್ಟರಲ್ಲಿ ವಾಲ್ವು, ಪಿಸ್ಟನ್ನು ಎಂದು ಮಾತು ಎಲ್ಲೆಲ್ಲಿಗೋ ಹೋಯಿತು. ಹೊರಡುವಾಗ, "ಪೂರ್ತಿ ಸರಿ ಹೋಗಿಲ್ಲ. ನಾಳೇನೂ ತನ್ನಿ, ನೋಡೋಣ" ಎಂದ.

ಬ್ಯಾಂಕಿನವನು ಒಂಬತ್ತೂವರೆಗೆ ಬರುತ್ತಾನಂತೆ. ನಾನು ಒಂಬತ್ತಕ್ಕೇ ಹೋಗಬೇಕು. ಯಾವುದಕ್ಕೂ ಇರಲಿ, ಬ್ರೇಕು ಕೂಡ ಸ್ವಲ್ಪ ಮೆತ್ತಗಿದೆ ಎಂದುಬಿಡುತ್ತೇನೆ.